ದೋಣಿ ಟ್ರ್ಯಾಕ್ಟರಿನ ಮೂತಿಯ ಕುಂಕುಮ

…ಅಥವಾ ಅದು ಎರಡನೆಯ ವಾರವೋ ಏನೋ. ಸೇರಿದ ಮೊದಲ ದಿನವೇ ನನ್ನ ಕೈಗೆ ಕುಂಚ ಕೊಟ್ಟರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಆ ದೃಶ್ಯಕ್ಕೆ ಈಗ ಬೆಳಕೂ ಬಂದುಬಿಟ್ಟಿದೆ: ಎಡಗಡೆ ಕಿಟಕಿ, ಬೆಳಗಿನ ಬಿಸಿಲು, ನನ್ನ ಮುಂದೆ ಒಂದು ಪುಟಾಣಿ ಬೈಕು. ಆದರೆ ಆ ಕೋಣೆಗೆ ಎಡಗಡೆ ಕಿಟಕಿಯೇ ಇರಲಿಲ್ಲ ಎಂದು ನನ್ನ ಜೊತೆ ಕೆಲಸ ಮಾಡಿದ ಸೆಲ್ವಿ ಹೇಳುತ್ತಾಳೆ. ಯಜಮಾನರಾದ ರುದ್ರಪ್ಪನವರೂ ಬಂದವರಿಗೆಲ್ಲ ಮೊದಲ ದಿನವೇ ಕುಂಚ ಕೊಡುವ ಮನುಷ್ಯರಲ್ಲ. ಬಹುಶಃ ಆ ವಾರವೆಲ್ಲ ನಾನು ಖಾಲಿ ಟಾನಿಕ್ ಬಾಟಲಿಗಳನ್ನು ತೊಳೆದಿರಬೇಕು. ಬಾಟಲಿಯ ಮುಚ್ಚಳದ ಮೇಲೆ ಗೋಂದಿನಲ್ಲಿ ಗಾಡಿ ಅಂಟಿಸಿ, ಬಾಟಲಿ ಹಿಡಿದುಕೊಂಡು ಬಣ್ಣ ಹಚ್ಚುವುದು ನಮ್ಮ ಪದ್ಧತಿ. ಗಾಡಿಗೆ ಬೆರಳು ತಾಗಬಾರದು. ಬಾಟಲಿ ತೊಳೆದದ್ದು ನೆನಪಿನಲ್ಲಿ ಉಳಿಯಲಿಲ್ಲ, ಬೈಕು ಉಳಿಯಿತು. ನೆನಪು ತನಗೆ ಬೇಕಾದದ್ದನ್ನು ಮಾತ್ರ ಅಂಟಿಸಿಕೊಳ್ಳುತ್ತದೆ. ಆದ್ದರಿಂದ ಈ ಕೆಲಸಕ್ಕೆ ಈಗ ಇಳಿಯುತ್ತಿರುವ ಹುಡುಗ ಹುಡುಗಿಯರು ನಾನು ಬರೆದದ್ದನ್ನು ಸ್ವಲ್ಪ ದೂರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಬೇಕು.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ವಿದೇಶಗಳಲ್ಲಿ ದೊಡ್ಡವರು, ಎಷ್ಟೋ ಜನ ಮೊಮ್ಮಕ್ಕಳನ್ನು ಕಂಡವರು, ಮೇಜಿನ ಮೇಲೆ ಯುದ್ಧದಾಟ ಆಡುತ್ತಾರೆ. ದಾಳ ಉರುಳಿಸಿ, ಟೇಪಿನಲ್ಲಿ ಅಳೆದು, ಪುಟ್ಟ ಗಾಡಿಗಳನ್ನು ಮುಂದೆ ಹಿಂದೆ ಸರಿಸುತ್ತಾರೆ. ಆ ಗಾಡಿಗಳು ಸೀಸದಂಥ ಲೋಹದಲ್ಲೋ ಗಟ್ಟಿ ರಾಳದಲ್ಲೋ ಎರಕವಾಗಿ, ಬಣ್ಣವಿಲ್ಲದೆ, ಡಬ್ಬಗಳಲ್ಲಿ ನಮಗೆ ಬರುತ್ತಿದ್ದವು. ನಾವು ಬಣ್ಣ ಹಚ್ಚಿ ಕಳಿಸುತ್ತಿದ್ದೆವು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಎಂಟು ಹೆಂಗಸರು, ಒಬ್ಬ ರುದ್ರಪ್ಪ. ಕೆಳಗೆ ಹಿತ್ತಾಳೆ ಕೊಡಗಳ ಸದ್ದು, ಮೇಲೆ ಹಿಟ್ಲರನ ಕಾಲದ ಜರ್ಮನ್ ಸೈನ್ಯ.

ರುದ್ರಪ್ಪನವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಮಾಡುತ್ತಿದ್ದವರು. ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಈ ಕೆಲಸ ಶುರು ಮಾಡಿದರು. ಅವರ ಹಳೆಯ ಜೊತೆಗಾರರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ "ಏನ್ ರುದ್ರಪ್ಪ, ಗೊಂಬೆ ಅಂಗ್ಡಿ ಹೆಂಗಿದೆ?" ಎಂದು ಕಿಚಾಯಿಸುತ್ತಿದ್ದರು. "ಗೊಂಬೆ ಅಲ್ಲ ಮಾರಾಯ, ಟ್ಯಾಂಕು" ಎಂದು ಇವರು ತಾಳ್ಮೆಯಿಂದ ಹೇಳುತ್ತಿದ್ದರು. ಅವರಿಗೆ ನಗು ಇನ್ನೂ ಜಾಸ್ತಿಯಾಗುತ್ತಿತ್ತು.

ನಾನೂ ಸೆಲ್ವಿಯೂ ಭದ್ರಾವತಿಯವರು. ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಾನು ಡ್ರಾಯಿಂಗ್ ಪರೀಕ್ಷೆ ಪಾಸಾಗಿ, ಎರಡು ವರ್ಷ ಅಂಗಡಿ ಬೋರ್ಡು ಬರೆದು ಬಂದವಳು. ಅವಳು ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಕಡೆಯವಳು, ಯಾವ ಪರೀಕ್ಷೆಯನ್ನೂ ಬರೆದವಳಲ್ಲ. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಅವಳ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ಇದನ್ನು ಅವಳ ಮುಂದೆ ಒಪ್ಪಿಕೊಳ್ಳಲು ನನಗೆ ಹದಿನಾರು ವರ್ಷ ಹಿಡಿಯಿತು.

ಬಡ್ತಿ, ಹುದ್ದೆ ಇತ್ಯಾದಿ ಇಲ್ಲಿ ಬರೆಯಲು ಏನೂ ಇಲ್ಲ. ನಾನು ಬರೆಯಬೇಕೆಂದು ಕೂತದ್ದು ಒಂದು ಆಯುಧಪೂಜೆಯ ಬಗ್ಗೆ. ಆ ವರ್ಷ ನಮ್ಮ ವರ್ಕ್‌ಶಾಪ್ ಉಳಿಯುತ್ತದೋ ಬಾಗಿಲು ಹಾಕುತ್ತದೋ ಎನ್ನುವುದು ಮೂವತ್ತಾರು ಗಾಡಿಗಳ ಮೇಲೆ ನಿಂತಿತ್ತು. ಅದಕ್ಕೆ ಬರುವ ಮೊದಲು ಆ ಗಾಡಿಗಳು ನಮಗೇ ಏಕೆ ಬಂದವು ಎಂದು ಹೇಳಬೇಕು.

ಮೊದಮೊದಲು ಎಲ್ಲರಿಗೂ ಗೊತ್ತಿರುವ ಟ್ಯಾಂಕುಗಳು ಬರುತ್ತಿದ್ದವು, ನೂರಾರು, ಎಲ್ಲ ಒಂದೇ ಥರ. ಆಮೇಲೆ ಬೇರೆ ಕಡೆ ಸ್ಪ್ರೇ ಯಂತ್ರ ಇಟ್ಟುಕೊಂಡು ಬೇಗ ಮುಗಿಸಿಕೊಡುವ ದೊಡ್ಡ ವರ್ಕ್‌ಶಾಪುಗಳು ಹುಟ್ಟಿಕೊಂಡವು. ಆ ಕೆಲಸವೆಲ್ಲ ಅತ್ತ ಹರಿಯಿತು. ನಮಗೆ ಉಳಿದದ್ದು ಯಂತ್ರಕ್ಕೆ ಒಗ್ಗದವು, ಹತ್ತು ಇಪ್ಪತ್ತು ಮಾತ್ರ ಬೇಕಾದವು, ವಿಚಿತ್ರ ಗಾಡಿಗಳು. ಜರ್ಮನ್ನರು ಯುದ್ಧದ ಕಾಲದಲ್ಲಿ ಎಂತೆಂಥ ಗಾಡಿಗಳನ್ನು ಮಾಡಿದ್ದರೆಂದರೆ ನಮಗೆ ಅವುಗಳ ಹೆಸರು ಹೇಳಲು ಬಾಯಿ ತಿರುಗುತ್ತಿರಲಿಲ್ಲ. ನಾವೇ ಹೆಸರಿಟ್ಟುಕೊಂಡೆವು. ಮುಂದೆ ಬೈಕಿನ ಚಕ್ರ, ಹಿಂದೆ ಟ್ಯಾಂಕಿನ ಹಾಗೆ ಚಕ್ರ ಸುತ್ತುವ ಕಬ್ಬಿಣದ ಪಟ್ಟಿ ಇದ್ದದ್ದು 'ಅರ್ಧ ಬೈಕು'. ಕಬ್ಬಿಣದ ಚೆಂಡಿನೊಳಗೆ ಒಬ್ಬ ಮನುಷ್ಯ ಕೂರುವಂಥದ್ದು 'ಗುಂಡು'. ಈ ಗುಂಡು ಜಗತ್ತಿನಲ್ಲಿ ಒಂದೇ ಒಂದು ಉಳಿದಿದೆಯಂತೆ. ಅದನ್ನು ಯಾಕೆ ಮಾಡಿದರೆಂದು ತಿಳಿದವರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಕಪ್ಪು ಬಿಳುಪಿನ ಫೋಟೋ ಒಂದನ್ನು ಕಳಿಸಿ ಬಣ್ಣ ನಿಮ್ಮ ಇಷ್ಟ ಎಂದು ಬರೆದಿದ್ದರು. ನನ್ನ ವೃತ್ತಿಯಲ್ಲಿ ಅಷ್ಟು ಸುಖದ ಪತ್ರ ಇನ್ನೊಂದು ಬರಲಿಲ್ಲ. ಏಳು ಗುಂಡುಗಳಿಗೆ ಏಳು ಬಣ್ಣ ಹಚ್ಚಿದೆ. ರುದ್ರಪ್ಪನವರು ನೋಡಿ, "ಇದೇನಮ್ಮ, ಹೋಳಿ ಹುಣ್ಣಿಮೆಗೆ ಬಂದಿದ್ವಾ ಇವು?" ಎಂದು ಆರನ್ನು ತಿರುಗಿ ಬಳಿಸಿದರು.

ಹುಣಸೆಬೀಜದಷ್ಟು ದೊಡ್ಡ 'ಆಮೆ' ಇನ್ನೊಂದು. ಎರಡು ಪಟ್ಟಿ, ಮೇಲೊಂದು ಪೆಟ್ಟಿಗೆ. ಒಳಗೆ ಮನುಷ್ಯ ಕೂರುವ ಜಾಗವೇ ಇಲ್ಲ. ನಾಲ್ಕು ತಿಂಗಳು ಅದನ್ನು ಮುದ್ದಾಗಿದೆ ಎಂದುಕೊಂಡೇ ಬಳಿದೆವು. ಒಂದು ಸಲ ಡಬ್ಬದ ಜೊತೆ ಬಂದ ಚೀಟಿಯನ್ನು ರುದ್ರಪ್ಪನವರು ಓದಿ ಹೇಳಿದರು: ಅದರೊಳಗೆ ಮದ್ದು ತುಂಬಿ, ತಂತಿಯಿಂದ ದೂರದಲ್ಲೇ ನಡೆಸಿ, ಶತ್ರುಗಳ ಹತ್ತಿರ ಕಳಿಸಿ ಸಿಡಿಸುತ್ತಿದ್ದರಂತೆ.

"ಮತ್ತೆ ವಾಪಸ್ ಬರೋದು?" ಎಂದಳು ಸೆಲ್ವಿ.

"ವಾಪಸ್ ಎಲ್ಲಿ ಬರುತ್ತೆ? ಸಿಡಿದು ಹೋಯ್ತಲ್ಲ."

"ಹಂಗಾದ್ರೆ ಅವ್ರು ಅದಕ್ಕೆ ಬಣ್ಣ ಯಾಕೆ ಹಚ್ತಿದ್ರು?"

ಅವತ್ತಿನಿಂದ ನಾನು ಆ ಗಾಡಿಗಳನ್ನು ಬರೀ ಆಟಿಕೆ ಎಂದುಕೊಂಡು ಹಿಡಿದಿಲ್ಲ. ಹಾಗೆಂದು ಕೆಲಸ ಬಿಡಲೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಿಬಿಡುವುದು ಒಳ್ಳೆಯದು.

ನನ್ನ ತಪ್ಪುಗಳಲ್ಲಿ ಮೊದಲನೆಯದು ಆ ಅರ್ಧ ಬೈಕಿನದೇ. ಅದರ ಪಟ್ಟಿಗೆ ಹೊಸ ಸೈಕಲ್ ಚೈನಿನ ಹಾಗೆ ಫಳಫಳ ಬೆಳ್ಳಿ ಬಣ್ಣ ಹೊಡೆದಿದ್ದೆ. ರುದ್ರಪ್ಪನವರು ಬೈಯಲಿಲ್ಲ. ಮಾರನೆಯ ದಿನ ನನ್ನನ್ನೂ ಸೆಲ್ವಿಯನ್ನೂ ಬಸ್ಸಿನಲ್ಲಿ ಗಾಜನೂರಿಗೆ ಕರೆದುಕೊಂಡು ಹೋದರು. ಅಣೆಕಟ್ಟಿನ ಹತ್ತಿರ ಯಾವುದೋ ಕಾಲುವೆಯ ಕೆಲಸಕ್ಕೆ ಬುಲ್ಡೋಜರ್ ಬಂದಿತ್ತು. ಅದರ ಮುಂದೆ ನಮ್ಮನ್ನು ಕೂರಿಸಿ, "ನೋಡ್ರಿ. ಎಲ್ಲಿ ಹೊಳೀತದೆ, ಎಲ್ಲಿ ತುಕ್ಕು, ಎಲ್ಲಿ ಮಣ್ಣು ಕೂತಿದೆ, ಎಲ್ಲಿ ಕೂತಿಲ್ಲ" ಎಂದರು. ಒಂದು ಗಂಟೆ ನೋಡಿದೆವು. ಡ್ರೈವರ್ ಇಳಿದು ಬಂದು, "ಏನಕ್ಕ, ಗಾಡಿ ಪಸಂದ್ ಆಯ್ತಾ? ಪ್ಯಾಕ್ ಮಾಡ್ಲಾ?" ಎಂದು ಕೇಳಿದ. "ಮೊದ್ಲು ತೊಳ್ಕೊಂಡು ಬಾರಪ್ಪ" ಎಂದಳು ಸೆಲ್ವಿ. ನೆಲಕ್ಕೆ ಉಜ್ಜುವ ಅಂಚು ಮಾತ್ರ ಹೊಳೆಯುತ್ತದೆ, ಸಂದಿಯಲ್ಲಿ ಮಣ್ಣು ಒಣಗಿ ಬೆಳ್ಳಗಾಗುತ್ತದೆ ಎನ್ನುವುದನ್ನು ನಾನು ಅಲ್ಲಿ ಕಲಿತೆ. ಪುಸ್ತಕ ನೋಡಿ ಬಣ್ಣ ಹಚ್ಚುವವರಿಗೆ ಹೇಳುತ್ತೇನೆ: ಒಂದು ಗಂಟೆ ಬುಲ್ಡೋಜರ್ ಮುಂದೆ ಕೂತುಕೊಳ್ಳಿ.

ಬಣ್ಣ ಬೆರೆಸುವುದಕ್ಕೆ ರುದ್ರಪ್ಪನವರದೊಂದು ಕಟ್ಟುನಿಟ್ಟು ಇತ್ತು. ಟ್ಯೂಬ್‌ಲೈಟಿನ ಕೆಳಗೆ ಬೆರೆಸುವಂತಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ತಾರಸಿಗೆ ಹೋಗಿ, ನೆರಳಿನಲ್ಲಿ ನಿಂತು, ಖರೀದಿದಾರರು ಮಾದರಿಗೆಂದು ಕಳಿಸಿದ ಬಣ್ಣದ ಚೂರಿನ ಪಕ್ಕ ಇಟ್ಟು ನೋಡಬೇಕು. ಜರ್ಮನ್ನರ ಆ ಮಂಕು ಹಳದಿ ನನಗೆ ಆರು ತಿಂಗಳು ಒಲಿಯಲಿಲ್ಲ. ಕೊನೆಗೆ ಸೆಲ್ವಿಯೇ ಸೂತ್ರ ಕೊಟ್ಟಳು: "ಕಡ್ಲೆಹಿಟ್ಟಿನ ಮೇಲೆ ಕಾಫಿ ಚೆಲ್ಲಿದ್ರೆ ಬರುತ್ತಲ್ಲ ಮಾರಾಯ್ತಿ, ಅದೇ." ಅದೇ ಆಗಿತ್ತು. ನಾನು ಸುಮ್ಮನಿರುವ ಸ್ವಭಾವದವಳಲ್ಲ. ಹೊಸದೇನಾದರೂ ಮಾಡಿ ನೋಡದಿದ್ದರೆ ಕೈ ಕಡಿಯುತ್ತಿತ್ತು. ತೆಂಗಿನ ನಾರಿನ ಬ್ರಶ್ಶು, ಹಳೇ ಹಲ್ಲುಜ್ಜುವ ಬ್ರಶ್ಶು, ಸ್ಪಂಜಿನ ತುಂಡು, ರಂಗೋಲಿ ಪುಡಿ, ಕಾಡಿಗೆ ಎಲ್ಲ ಪ್ರಯೋಗ ಮಾಡಿದೆ. ಹತ್ತರಲ್ಲಿ ಎಂಟು ಕೆಟ್ಟವು. ಕೆಟ್ಟವನ್ನೂ ರುದ್ರಪ್ಪನವರು ಒಂದು ಡಬ್ಬದಲ್ಲಿ ಎತ್ತಿಡುತ್ತಿದ್ದರು, ಎಸೆಯಲು ಬಿಡುತ್ತಿರಲಿಲ್ಲ. "ಇದು ಯಾವತ್ತೋ ಒಂದಿನ ಬೇಕಾಗ್ತದೆ" ಎನ್ನುತ್ತಿದ್ದರು. ಬೇರೆ ಯಾವ ಯಜಮಾನರ ಹತ್ತಿರ ಇದ್ದಿದ್ದರೂ ನನ್ನನ್ನು ಮೊದಲ ವರ್ಷವೇ ಮನೆಗೆ ಕಳಿಸುತ್ತಿದ್ದರು.

ಆ ವರ್ಷ ವಿಚಿತ್ರ ಗಾಡಿಗಳ ಕೆಲಸವೂ ತೆಳುವಾಯಿತು. ನಮಗೂ ಖರೀದಿದಾರರಿಗೂ ನಡುವೆ ಇದ್ದವರು ಮದ್ರಾಸಿನ ಏಜೆಂಟ್ ಸುಂದರಂ. ಅವರ ಪತ್ರ ಬಂತು: ಹೊಸ ಖರೀದಿದಾರರೊಬ್ಬರು ಪರೀಕ್ಷೆಗೆಂದು ಮೂವತ್ತಾರು ಗಾಡಿ ಕಳಿಸುತ್ತಿದ್ದಾರೆ. ಒಪ್ಪಿಗೆಯಾದರೆ ಅವರ ಕೆಲಸವೆಲ್ಲ ನಿಮಗೆ, ಇಲ್ಲವಾದರೆ ಇನ್ನು ಮುಂದೆ ನಾನು ಏನೂ ಕಳಿಸಲಾರೆ. ರುದ್ರಪ್ಪನವರು ಆ ಪತ್ರವನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಮುಚ್ಚಿಡಲಿಲ್ಲ. "ಇದು ಕೈ ತಪ್ಪಿದ್ರೆ ಮಹಡಿ ಬಿಟ್ಟುಕೊಡ್ತೀನಿ. ಆಮೇಲೆ ನೀವೂ ಬೇರೆ ಕಡೆ ನೋಡ್ಕೋಬೇಕು" ಎಂದರು. ನಮಗಿದ್ದ ಬೇರೆ ಕಡೆ ಎಂದರೆ ಬೀಡಿ ಕಟ್ಟುವುದು, ಅಗರಬತ್ತಿ ಹೊಸೆಯುವುದು, ಇಲ್ಲವೇ ಮನೆ. ಅಂಗೈಯಗಲದ ಜಾಗದಲ್ಲಿ ಕೈಚಳಕ ತೋರಿಸುವ ಕೆಲಸ ನಮ್ಮ ಊರಿನಲ್ಲಿ ಮತ್ತೆಲ್ಲೂ ಇರಲಿಲ್ಲ.

ಬಂದ ಗಾಡಿ ಇದು: ಕೆಳಗೆ ಟ್ಯಾಂಕಿನ ಪಟ್ಟಿ, ಮೇಲೆ ಪೂರಾ ದೋಣಿ, ನಡುವೆ ಕಿಟಕಿಗಳಿರುವ ಪುಟ್ಟ ಕೋಣೆ, ಅದರ ಹಿಂದೆ ಹೊಗೆಕೊಳವೆ. ನೀರಿನಲ್ಲಿ ತೇಲಿ, ದಡ ಹತ್ತಿ, ಹಿಂದೆ ಸರಕು ಎಳೆದುಕೊಂಡು ಹೋಗುವುದಂತೆ. ಬೆರಳುದ್ದ ಇತ್ತು. 'ದೋಣಿ ಟ್ರ್ಯಾಕ್ಟರ್' ಎಂದೆವು. "ಇದಕ್ಕೆ ತಲೆ ಕೆಟ್ಟಿದ್ಯಾ, ಮಾಡ್ದೋರಿಗೆ ಕೆಟ್ಟಿತ್ತಾ?" ಎಂದಳು ಸೆಲ್ವಿ. ಬಣ್ಣ ಕಪ್ಪು ಸ್ಲೇಟಿನ ಬೂದು. ಒಂದು ತಿಂಗಳು ಅದೇ ಕೆಲಸ. ಅಷ್ಟು ಶುದ್ಧವಾದ ಕೆಲಸ ನಾವು ಅದಕ್ಕೆ ಮುಂಚೆ ಮಾಡಿರಲಿಲ್ಲ. ಕಿಟಕಿಯ ಗಾಜಿಗೆ ಆಕಾಶದ ಬಿಳಿ ಗೆರೆ ನಾನು ಎಳೆದೆ. ಮೂತಿಯ ಅಂಚು ಸೆಲ್ವಿಯದು. ಆಯುಧಪೂಜೆಯ ಬೆಳಿಗ್ಗೆ ಕೊನೆಯ ಗಾಡಿಗೂ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಆಯಿತು. ಮಾರನೆಯ ದಿನ ವಿಜಯದಶಮಿ, ರಜೆ. ಅದರ ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ಸುಂದರಂ ತಾವೇ ಬಂದು ನೋಡಿ, ಒಪ್ಪಿ, ಪಾರ್ಸಲ್ ತೆಗೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು.

ಪೂಜೆ ಎಲ್ಲ ವರ್ಷದ ಹಾಗೆಯೇ ನಡೆಯಿತು. ಕುಂಚಗಳನ್ನು ತೊಳೆದು ಒಂದು ತಟ್ಟೆಯಲ್ಲಿ ಜೋಡಿಸಿದೆವು. ಚಾಕು, ಅರ, ಟೇಬಲ್ ಫ್ಯಾನು, ಬಾಗಿಲು ಎಲ್ಲಕ್ಕೂ ಗಂಧ ಕುಂಕುಮ. ಬೂದುಗುಂಬಳಕಾಯಿ ಒಡೆದೆವು. ಮಂಡಕ್ಕಿ, ಬೆಲ್ಲ, ಬಾಳೆಹಣ್ಣು ಹಂಚಿದೆವು. ಒಬ್ಬೊಬ್ಬರೇ ಮನೆಗೆ ಹೊರಟರು. ಕೊನೆಗೆ ನಾನು, ಸೆಲ್ವಿ, ರುದ್ರಪ್ಪನವರು ಮೂವರು ಉಳಿದೆವು, ಗುಡಿಸಿ ಒರೆಸುವುದಕ್ಕೆ. ಯಾರು ಯಾವಾಗ ಕೆಳಗಿಳಿದರು, ಬೀಗ ಹಾಕಿದ್ದು ಯಾರು ಎನ್ನುವುದರಲ್ಲಿ ನನಗೂ ಸೆಲ್ವಿಗೂ ಇವತ್ತಿಗೂ ಒಮ್ಮತವಿಲ್ಲ.

ರಜೆ ಮುಗಿಸಿ ಬಂದು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು, ಗಾಡಿಗಳ ಮೇಲೆ ಹೊದಿಸಿದ್ದ ಪೇಪರ್ ಎತ್ತಿದೆವು. ಮೂವತ್ತಾರು ದೋಣಿಗಳ ಮೂತಿಯ ಮೇಲೂ ಕುಂಕುಮ ಇತ್ತು.

ಬೆರಳಿನಲ್ಲಿ ಇಟ್ಟದ್ದಲ್ಲ. ಬೆರಳಿನಲ್ಲಿ ಇಟ್ಟಿದ್ದರೆ ಮೂತಿಯೇ ಮುಚ್ಚಿಹೋಗುತ್ತಿತ್ತು. ಮೊದಲು ಗಂಧದ ಒಂದು ಚುಕ್ಕಿ, ಸಾಸಿವೆ ಕಾಳಿನಷ್ಟು. ಅದರ ನಡುವೆ ಕುಂಕುಮ, ಕುಂಚದ ತುದಿಯಿಂದ. ಮೂವತ್ತಾರಕ್ಕೂ. ಇಟ್ಟವರು ಆತುರದಲ್ಲಿ ಇಡಲಿಲ್ಲ. ಗಾಡಿಗೆ ಆಯುಧಪೂಜೆಯ ದಿನ ಕುಂಕುಮ ಇಡದೆ ಬಿಡುವುದು ಹೇಗೆ ಎಂದು ಅವರಿಗೆ ಅನ್ನಿಸಿರಬೇಕು. ನಮ್ಮ ಊರಿನಲ್ಲಿ ಸೈಕಲ್ಲಿಗೂ ಇಡುತ್ತೇವೆ, ರೋಡ್ ರೋಲರಿಗೂ ಇಡುತ್ತೇವೆ.

ನನಗೆ ಮೊದಲು ಬಂದದ್ದು ಭಯವಲ್ಲ, ಮೆಚ್ಚುಗೆ. ಎಷ್ಟು ಒಪ್ಪವಾಗಿದೆ ಎನ್ನಿಸಿತು. ಇದು ನಿಜವೋ ಆಮೇಲೆ ಸೇರಿಸಿಕೊಂಡದ್ದೋ ಗೊತ್ತಿಲ್ಲ. ಭಯ ಬಂದದ್ದು ಸೆಲ್ವಿ ಒದ್ದೆ ಬಟ್ಟೆಯಿಂದ ಒಂದನ್ನು ಒರೆಸಿದಾಗ. ಮ್ಯಾಟ್ ವಾರ್ನಿಶ್ ನುಣುಪಲ್ಲ, ಹೀರುತ್ತದೆ. ಕುಂಕುಮ ಹೋಗಲಿಲ್ಲ, ಹರಡಿತು. ಬೂದು ದೋಣಿಯ ಮೂತಿ ಗುಲಾಬಿಯಾಯಿತು.

"ಅಯ್ಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದಳು. "ಯಾರ್ ಕಣೇ ಈ ಪುಣ್ಯಾತ್ಗಿತ್ತಿ?"

ಎಂಟು ಜನರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ರುದ್ರಪ್ಪನವರು ಮೆಟ್ಟಿಲು ಹತ್ತಿ ಬಂದರು. ಗಾಡಿಗಳನ್ನು ನೋಡಿದರು. ಒಂದು ಬಾಟಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಯಾರು ಮಾಡಿದ್ದು ಎಂದು ಕೇಳುತ್ತಾರೆಂದು ಎಲ್ಲರೂ ಕಾದೆವು. ಅವರು ಗಡಿಯಾರ ನೋಡಿ, "ಮೂರಕ್ಕೆ ಇನ್ನೂ ಆರು ಗಂಟೆ ಟೈಮ್ ಇದೆ. ಏನ್ ಮಾಡ್ಬೋದು, ಹೇಳ್ರಿ" ಎಂದರು. ಅಷ್ಟೇ.

ತಿನ್ನರ್ ಹಚ್ಚಿದರೆ ಕೆಳಗಿನ ಬಣ್ಣವೂ ಏಳುತ್ತದೆ. ಅಷ್ಟೇ ಜಾಗಕ್ಕೆ ಬೂದು ಬಳಿದರೆ ತೇಪೆ ಕಾಣುತ್ತದೆ. ಎಲ್ಲವನ್ನೂ ಮೊದಲಿನಿಂದ ಬಳಿಯಲು ಹೊತ್ತಿಲ್ಲ. ಮಣ್ಣು ಹಾಕೋಣ ಎಂದೆ ನಾನು. ದೋಣಿಗೆ ಮಣ್ಣೇ ಎಂದರು ಯಾರೋ. ದಡ ಹತ್ತುವ ದೋಣಿಯಲ್ಲವೇ, ಮೂತಿಯೇ ಮೊದಲು ಕೆಸರಿಗೆ ತಾಗುವುದು ಎಂದೆ. ಸೆಲ್ವಿ ನಡುವೆ ಬಾಯಿ ಹಾಕಿದಳು: "ಹೊಳೆಹೊನ್ನೂರಲ್ಲಿ ನಮ್ಮಕ್ಕನ ಮನೆ ಹಿಂದೆ ಎಮ್ಮೆಗಳು ಹೊಳೆಯಿಂದ ಮೇಲೆ ಬರ್ತವಲ್ಲ, ಎದೆ ಮಟ್ಟ ಕೆಸರು, ಅದರ ಮೇಲೊಂದು ಗೆರೆ. ಗೆರೆ ಮೇಲೆ ಸ್ವಚ್ಛ. ಹಂಗೆ ಮಾಡಿದ್ರೆ ಕಾಣುತ್ತೆ. ಸುಮ್ನೆ ಎರಚಿದ್ರೆ ಎರಚಿದಂಗೇ ಇರುತ್ತೆ." ರುದ್ರಪ್ಪನವರು ತಮ್ಮ ಹಳೇ ಡಬ್ಬ ತೆರೆದು ನನ್ನ ಕೆಟ್ಟ ಪ್ರಯೋಗಗಳನ್ನು ಮೇಜಿನ ಮೇಲೆ ಸುರಿದರು. ಅದರಲ್ಲಿ ಒಂದು ಕೆಸರು ಸರಿಹೊಂದುವಂತಿತ್ತು, ಜರಡಿ ಹಿಡಿದ ಮಣ್ಣನ್ನು ಬಣ್ಣಕ್ಕೆ ಕಲಸಿದ್ದು. ತಾರಸಿಯ ಹೂವಿನ ಕುಂಡದಿಂದ ಮಣ್ಣು ತರಲು ಒಬ್ಬಳು ಓಡಿದಳು.

"ಕೆಂಪು ಮಣ್ಣು ಬೇಡ ಕಣೆ, ಗಾಡಿ ನಮ್ಮ ಆಯನೂರಿಗೆ ಹೋಗಿ ಬಂದಂಗೆ ಕಾಣುತ್ತೆ" ಎಂದು ಕೂಗಿದೆ. ಅಂಥ ಹೊತ್ತಿನಲ್ಲೂ ಎಲ್ಲರೂ ನಕ್ಕರು. ಮಣ್ಣಿಗೆ ಬೂದು, ಕಂದು, ಚೂರು ಕಪ್ಪು ಸೇರಿಸಿ ಕೆಂಪನ್ನು ಕೊಂದೆವು. ಎಂಟು ಕೈ, ಮೂವತ್ತಾರು ಎಮ್ಮೆ. ಎರಡೂವರೆಗೆ ಫ್ಯಾನಿನ ಮುಂದೆ ಸಾಲಾಗಿ ನಿಲ್ಲಿಸಿದೆವು.

ಈ ಕತೆಯನ್ನು ನಾನು ಬಹಳ ವರ್ಷ ಇಲ್ಲಿಗೆ ನಿಲ್ಲಿಸಿ, ನಮ್ಮ ಹೆಸರಾಂತ ಕೆಸರು ಹುಟ್ಟಿದ್ದೇ ಆ ದಿನ ಎಂದು ಮುಗಿಸುತ್ತಿದ್ದೆ. ಸುಳ್ಳು. ಗಾಜನೂರಿನಿಂದ ಬಂದ ಮೇಲೆ ಎಷ್ಟೋ ಗಾಡಿಗೆ ಮಣ್ಣು ಹಾಕಿದ್ದೆವು. ಡಬ್ಬದಲ್ಲಿದ್ದ ಆ ಮಾದರಿಯೇ ಅದಕ್ಕೆ ಸಾಕ್ಷಿ. ಸಂಕಟದಿಂದ ಒಂದು ಹೊಸದು ಹುಟ್ಟಿತು ಎಂದರೆ ಕೇಳುವವರಿಗೆ ಹಿತ. ನಡೆದದ್ದು ಇಷ್ಟೇ: ಗೊತ್ತಿದ್ದ ಕೆಲಸವನ್ನು ಹೆದರಿಕೊಂಡು ಮಾಡಿದೆವು.

ಸುಂದರಂ ಮೂರಕ್ಕೆ ಸರಿಯಾಗಿ ಬಂದರು. ದಪ್ಪಗೆ, ಬೆವರುತ್ತ, ಹಣೆಯಲ್ಲಿ ನಾಮ. ಅವರ ಪರೀಕ್ಷೆಯ ಕ್ರಮ ನಮಗೆ ಗೊತ್ತಿತ್ತು: ಮೊದಲು ಕನ್ನಡಕ ತೆಗೆದು ನೋಡುತ್ತಾರೆ, ಆಮೇಲೆ ಹಾಕಿಕೊಂಡು ನೋಡುತ್ತಾರೆ, ಕೊನೆಗೆ ಕರ್ಚೀಫಿನ ಮೂಲೆಯನ್ನು ನೀರಿನಲ್ಲಿ ಅದ್ದಿ ಬಣ್ಣ ಬಿಡುತ್ತದೋ ಎಂದು ಉಜ್ಜುತ್ತಾರೆ. ಮೊದಲ ಎರಡರಲ್ಲಿ ಅವರ ಮುಖ ಅರಳಿತು. "ಬ್ಯೂಟಿಫುಲ್. ಈ ಕೆಸರು ಯಾರ್ ಐಡಿಯಾ?" ಎಂದರು. ಮೂರನೆಯದರಲ್ಲಿ ಕರ್ಚೀಫು ಗುಲಾಬಿಯಾಯಿತು.

"ಎನ್ನಮ್ಮಾ ಇದು? ಕೆಂಪು ಬರ್ತಿದೆ?"

ನಾನು ತಡಮಾಡದೆ ಹೇಳಿದೆ: "ಪ್ರೈಮರ್ ಸಾರ್. ಜರ್ಮನ್ನೋರು ಬಣ್ಣದ ಕೆಳಗಡೆ ಮೊದ್ಲು ಕೆಂಪು ಪ್ರೈಮರೇ ಹೊಡೀತಿದ್ರಲ್ಲ. ಬಣ್ಣ ಸವೆದ ಕಡೆ ಕಾಣ್ಲಿ ಅಂತ."

ಜರ್ಮನ್ನರು ಕೆಂಪು ಪ್ರೈಮರ್ ಹೊಡೆಯುತ್ತಿದ್ದದ್ದು ನಿಜ. ಅದಕ್ಕೇ ಆ ಸುಳ್ಳು ಅಷ್ಟು ಚೆನ್ನಾಗಿ ಕೂತಿತು. ಸುಂದರಂ ತಲೆದೂಗಿದರು. "ವೆರಿ ಗುಡ್, ವೆರಿ ಗುಡ್" ಎಂದು ಗಾಡಿಯನ್ನು ಕೆಳಗಿಟ್ಟರು. ಎಲ್ಲ ಮುಗಿಯಿತು, ಗೆದ್ದೆವು ಎಂದುಕೊಂಡೆ.

"ಪ್ರೈಮರ್ ಅಲ್ಲ ಸಾರ್," ಎಂದರು ರುದ್ರಪ್ಪ. "ಅದು ಕುಂಕುಮ."

ಸೆಲ್ವಿ ನನ್ನ ಕೈ ಹಿಡಿದುಕೊಂಡಳು. ಉಗುರು ನಾಟಿತು.

"ಕುಂಕುಮಮಾ?"

"ಆಯುಧಪೂಜೆ ಇತ್ತಲ್ಲ ಸಾರ್. ಗಾಡಿಗೆ ಇಟ್ಟುಬಿಟ್ವಿ. ಅದನ್ನ ಮುಚ್ಚೋಕೆ ಈ ಕೆಸರು. ಹುಡುಗಿ ಹೆದರಿಕೊಂಡು ಹಂಗೆ ಹೇಳಿದ್ಲು, ಮನಸ್ಸಿಗೆ ಹಚ್ಕೋಬೇಡಿ."

"ಯಾರು ಇಟ್ಟಿದ್ದು?"

"ನಾನೇ."

ಸುಂದರಂ ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಕುಡಿದರು. ಆಮೇಲೆ ಕರ್ಚೀಫನ್ನು ಮತ್ತೆ ಅದ್ದಿ, ಮೂವತ್ತಾರು ಗಾಡಿಗಳನ್ನೂ ಒಂದೊಂದಾಗಿ ಉಜ್ಜಲು ಶುರು ಮಾಡಿದರು. ಅಷ್ಟು ಉದ್ದದ ಹೊತ್ತು ನಾನು ಆಸ್ಪತ್ರೆಯ ಬೆಂಚಿನ ಮೇಲೂ ಕಳೆದಿಲ್ಲ. ಐದು ಗಾಡಿಗಳು ಬಣ್ಣ ಬಿಟ್ಟವು. ಆ ಐದನ್ನು ಪಕ್ಕಕ್ಕಿಟ್ಟರು. "ಇದು ಇಲ್ಲೇ ಇರಲಿ. ಮಿಕ್ಕದ್ದು ಪ್ಯಾಕ್ ಮಾಡಿ. ಐದು ಕಮ್ಮಿ ಯಾಕೆ ಅಂತ ನಾನ್ ಹೇಳ್ಕೋತೀನಿ." ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದರು. "ನಮ್ಮ ಆಫೀಸ್ ಫ್ಯಾಕ್ಸ್ ಮೆಷಿನ್‌ಗೂ ಇಟ್ಟಿದ್ರು. ಎರಡು ದಿವಸ ಪೇಪರ್ ಎಲ್ಲಾ ಕೆಂಪು. ನೆಕ್ಸ್ಟ್ ಇಯರ್ ಮೊದಲು ಪಾರ್ಸಲ್, ಆಮೇಲೆ ಪೂಜೆ. ಗೊತ್ತಾಯ್ತಾ?"

ಅವರು ಹೋದ ಮೇಲೆ ನಾನು ರುದ್ರಪ್ಪನವರ ಮೇಲೆ ರೇಗಿದೆ. "ಸಾರ್, ಒಪ್ಪಿಕೊಂಡಾಗಿತ್ತಲ್ಲ! ಯಾಕ್ ಹೇಳಿದ್ರಿ?"

"ಪ್ರೈಮರ್ ಅಂದ್ರೆ ನಾಳೆ ಎಲ್ಲಾ ಗಾಡಿಗೂ ಅದೇ ಪ್ರೈಮರ್ ಕೇಳ್ತಾರಲ್ಲಮ್ಮ. ಪ್ರತಿ ಸಲ ಕುಂಕುಮ ಹಚ್ತೀಯಾ?" ಎಂದು ಹೇಳಿ ಟೀ ತರಿಸಿದರು.

ಒಂದೂವರೆ ತಿಂಗಳು ಏನೂ ಸುದ್ದಿ ಇಲ್ಲ. ಆ ದಿನಗಳಲ್ಲಿ ರುದ್ರಪ್ಪನವರು ಪಾತ್ರೆ ಅಂಗಡಿಯವರ ಹತ್ತಿರ ಮಹಡಿ ಬಿಡುವ ಮಾತನ್ನೂ ಆಡಿ ಬಂದಿದ್ದರು ಎಂದು ಆಮೇಲೆ ತಿಳಿಯಿತು. ಕೊನೆಗೆ ಫ್ಯಾಕ್ಸ್ ಬಂತು: ಒಪ್ಪಿಗೆಯಾಗಿದೆ, ಮುಂದಿನ ಡಬ್ಬ ಹೊರಟಿದೆ, ಕೆಸರು ಹಾಗೆಯೇ ಇರಲಿ. ಸೆಲ್ವಿ ಆ ಕಾಗದವನ್ನು ತಿರುಗಿಸಿ ನೋಡಿ, "ಕೆಂ‍ಪು ಎಲ್ಲೂ ಇಲ್ಲ" ಎಂದಳು. ಆ ಒಬ್ಬ ಖರೀದಿದಾರರ ಕೆಲಸವೇ ನಮ್ಮನ್ನು ಎರಡು ಸಾವಿರದ ಇಸವಿಯ ನಂತರವೂ ಎಷ್ಟೋ ವರ್ಷ ನಡೆಸಿತು. ಅವರನ್ನು ನಾವು ನೋಡಲೇ ಇಲ್ಲ. ಅವರಿಗೆ ಸುಂದರಂ ಏನೆಂದು ಹೇಳಿದ್ದರೋ ಅದೂ ತಿಳಿಯಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು. ಪತ್ರ ಹೋಗಿ ಈಮೇಲ್ ಬಂತು. ಬಣ್ಣದ ಚೂರಿನ ಬದಲು ಕಂಪ್ಯೂಟರಿನಲ್ಲಿ ಫೋಟೋ ಬಂತು. ಪರದೆಯ ಹಳದಿಯನ್ನು ತಾರಸಿಗೆ ಒಯ್ಯಲಾಗದು, ರುದ್ರಪ್ಪನವರ ಹತ್ತರಿಂದ ಹನ್ನೊಂದರ ನಿಯಮ ಅಲ್ಲಿಗೆ ಸತ್ತಿತು. ಅವರು ತೀರಿಕೊಂಡ ಮೇಲೆ ಎರಡು ವರ್ಷ ನಾನೂ ಸೆಲ್ವಿಯೂ ನಡೆಸಿದೆವು. ಬಣ್ಣ ಹಚ್ಚಿದ ಗಾಡಿಗಳೇ ಕಾರ್ಖಾನೆಯಿಂದ ಸಿದ್ಧವಾಗಿ ಬರತೊಡಗಿದವು, ನನ್ನ ಬಲಗೈ ಸಣ್ಣಗೆ ನಡುಗತೊಡಗಿತು. ಯಾವುದು ಮೊದಲು ಎಂದು ಹೇಳಲಾರೆ. ಯಾರ ಮೇಲೂ ನನಗೆ ದೂರಿಲ್ಲ. ಹದಿನಾರು ವರ್ಷ ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯವರ ಪಕ್ಕ ಕೂತು, ಕೆಟ್ಟದ್ದನ್ನು ಮಾಡಿದರೂ ಎಸೆಯದೆ ಎತ್ತಿಡುವ ಒಬ್ಬರ ಕೈಕೆಳಗೆ ದುಡಿದೆ. ಎಷ್ಟು ಜನರಿಗೆ ಇದು ಸಿಗುತ್ತದೆ?

ಕಳೆದ ತಿಂಗಳು ಭದ್ರಾವತಿಯಲ್ಲಿ ಸೆಲ್ವಿಯ ಮನೆಗೆ ಹೋಗಿದ್ದೆ. ಇದನ್ನು ಬರೆಯುತ್ತಿದ್ದೇನೆ ಎಂದೆ. ಕುಂಕುಮ ಇಟ್ಟವರು ಯಾರು, ಈಗಲಾದರೂ ಹೇಳು ಎಂದು ಕೇಳಿದೆ.

"ನನ್ ಕೇಳ್ತೀಯಾ? ನೀನೇ ಕಣೆ ಇಟ್ಟಿದ್ದು. ಅದಕ್ಕೇ ಅಲ್ವಾ ಆ ಮನುಷ್ಯ ತನ್ ಮೇಲೆ ಹಾಕ್ಕೊಂಡಿದ್ದು?"

"ನಾನಾ? ಯಾರ್ ಹೇಳಿದ್ದು?"

"ಯಾರ್ ಹೇಳ್ಬೇಕು? ನಿನ್ನ ಸಣ್ಣ ಕುಂಚದ ತುದಿ ಕೆಂಪಿತ್ತು, ನಾನೇ ನೋಡಿದ್ದೆ."

"ಪೂಜೆ ಮಾಡಿದ ಕುಂಚ ಮಾರಾಯ್ತಿ. ಎಲ್ಲರ ಕುಂಚಾನೂ ಕೆಂಪೇ ಇತ್ತು. ನಿಂದೂ."

"ಹೌದಲ್ಲ" ಎಂದಳು. "ನಾನು ಇಷ್ಟ್ ವರ್ಷ ನೀನೇ ಅಂದ್ಕೊಂಡಿದ್ದೆ. ಬೈದುಕೊಂಡೂ ಇದ್ದೆ."

ಒಳಗೆ ಹೋಗಿ ಆ ಐದರಲ್ಲಿ ಒಂದನ್ನು ತಂದಳು. ಕಪಾಟಿನಲ್ಲಿ ಇಟ್ಟುಕೊಂಡಿದ್ದಳಂತೆ. ಕೆಸರು ಪುಡಿಯಾಗಿ ಉದುರಿ, ಕೆಳಗಿನ ಚುಕ್ಕಿ ಅರ್ಧ ಕಾಣುತ್ತಿತ್ತು. ಬಾಗಿಲ ಬಳಿ ಬೆಳಕಿಗೆ ಹೋಗಿ, ಅವಳ ಕನ್ನಡಕವನ್ನೂ ನನ್ನ ಕನ್ನಡಕದ ಮುಂದೆ ಹಿಡಿದು ನೋಡಿದೆ. ಗಂಧ ತೆಳು. ಕುಂಕುಮ ನಡುವಿನಿಂದ ಒಂದು ಕೂದಲೆಳೆ ಎಡಕ್ಕೆ. ಕುಂಚವನ್ನು ನೇರ ಇಳಿಸಿ, ತಿರುಗಿಸದೆ, ನೇರ ಎತ್ತಿದ್ದಾರೆ. ನಮಗೆಲ್ಲ ಚುಕ್ಕಿ ಇಡಲು ಕಲಿಸಿದವರು ರುದ್ರಪ್ಪ. ನಾವು ಎಂಟೂ ಜನ ಹಾಗೆಯೇ ಇಡುತ್ತಿದ್ದೆವು.

ಆ ಸಂಜೆ ತಟ್ಟೆ ಎತ್ತಿಡಲು ನಾನು ಗಾಡಿಗಳಿದ್ದ ಮೂಲೆಗೆ ಹೋಗಿದ್ದು ನೆನಪಿದೆ. ಅಲ್ಲಿ ಎಷ್ಟು ಹೊತ್ತು ನಿಂತೆ ಎನ್ನುವುದು ನೆನಪಿಲ್ಲ. ರುದ್ರಪ್ಪನವರು ನಿಜ ಹೇಳಿದರೋ, ನನ್ನನ್ನು ಉಳಿಸಿದರೋ, ಇನ್ನು ಯಾರನ್ನೋ ಉಳಿಸಿದರೋ, ಅವರನ್ನು ಕೇಳಲಿಲ್ಲ. ಕೇಳಬಹುದಾಗಿದ್ದ ವರ್ಷಗಳು ಬೇಕಾದಷ್ಟು ಇದ್ದವು. ಇಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ನಾನಲ್ಲ ಎಂದು ಹೇಳುವಷ್ಟೂ ಗೊತ್ತಿಲ್ಲ.